ಟಿಕೆಟ್ಟಿನ ಹಿಂಬದಿ

ಬಿ.ಪಿ. ಚೀಟಿ ಬರೆಸಲು ಹೋದವಳು ನಾನು,
ಹಾಸನದ ದೊಡ್ಡಾಸ್ಪತ್ರೆಯಲ್ಲಿ ಸಾಲು ತಪ್ಪಿ
ಹದಿನಾಲ್ಕನೇ ಬಾಗಿಲ ಮುಂದೆ ನಿಂತೆ.
ಒಳಗಿದ್ದ ಹೆಂಗಸು, ಹೆಸರು ತಬಸ್ಸುಮ್,
ಕುರ್ಚಿ ತೋರಿಸಿ ಅಂದಳು: ಕೂತ್ಕೊಳ್ಳಿ.

ಹದಿನೇಳು ವರ್ಷದಿಂದ ಕಂಡಕ್ಟರು.
ಹಾಸನ–ಬೇಲೂರು, ಬೇಲೂರು–ಹಾಸನ.
ಎಲ್ಲರಿಗೂ ಸೀಟು ಹುಡುಕಿ ಕೊಟ್ಟಿದ್ದೇನೆ,
ಬಸುರಿಗೆ, ಮುದುಕರಿಗೆ, ಒಂದು ಸಲ ಒಂದು ಹೊಲಿಗೆ ಮಿಷನ್ನಿಗೆ.
ನನಗೆ ಯಾರೂ ಆ ಮಾತು ಅಂದಿರಲಿಲ್ಲ.

ತಪ್ಪು ಬಾಗಿಲು ಮೇಡಂ, ನನಗೇನೂ ಆಗಿಲ್ಲ ಅಂದೆ.
ಗಂಡ ಕುಡಿಯೋದಿಲ್ಲ, ಕೈ ಮಾಡೋದಿಲ್ಲ,
ಮಗಳು ಪಿಯುಸಿ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತೆ.
ಪರವಾಗಿಲ್ಲ, ಕಾಲು ನೋವಾದರೂ ಇಳಿಯಲಿ, ಅಂದಳು.

ಕೂತೆ.
ಫ್ಯಾನು ಸುತ್ತಿಗೊಂದು ಸಲ ಕಟಕ್ ಅನ್ನುತ್ತಿತ್ತು.
ಯಾಕೋ, ಎರಡು ರೂಪಾಯಿಯ ಕಥೆ ಹೇಳಿದೆ:
ಕಂದಲಿಯಲ್ಲಿ ಒಬ್ಬ ಹುಡುಗ ಪಾಸು ಮರೆತು ಹತ್ತಿದ್ದ,
ಎರಡು ರೂಪಾಯಿ ಕಮ್ಮಿ ಬಿತ್ತು,
ಅವನ ಬ್ಯಾಗನ್ನು ಬಾಗಿಲಿನಿಂದ ಎಸೆದೆ.
ಡಬ್ಬಿ ಬಾಯಿ ಬಿಟ್ಟು ಚಿತ್ರಾನ್ನವೆಲ್ಲ ಡಾಂಬರಿನ ಮೇಲೆ.
ರೈಟ್ ಅಂದೆ. ಬಸ್ಸು ಹೊರಟಿತು.
ಆ ಹಳದಿ ಇನ್ನೂ ಕಣ್ಣಲ್ಲಿದೆ ಮೇಡಂ.

ಅವಳು ಬುದ್ಧಿ ಹೇಳಲಿಲ್ಲ.
ದೇವರಿದ್ದಾನೆ, ಎಲ್ಲ ಸರಿಹೋಗುತ್ತೆ, ಊಹೂಂ, ಅದೂ ಇಲ್ಲ.
'ಆಮೇಲೆ?' ಅಂದಳು, ಅಷ್ಟೇ.
ಆ ಆಮೇಲೆಗೆ ಎಷ್ಟು ಸ್ಟಾಪುಗಳಿವೆ ಅಂತ ನನಗೇನು ಗೊತ್ತು.

ಮೂರನೇ ಮಂಗಳವಾರ ಅದು ಹೋಗಿ ನಿಂತದ್ದು
ಅಕ್ಕನನ್ನು ನೋಡಲು ಗಂಡಿನವರು ಬಂದ ದಿನಕ್ಕೆ.
ನಾನು ಅವಳಿಗಿಂತ ಬೆಳ್ಳಗಿದ್ದೇನೆ ಅಂತ
ಪಕ್ಕದ ಮನೆಯ ಸೌದೆ ಕೊಟ್ಟಿಗೆಯಲ್ಲಿ ಕೂರಿಸಿದ್ದರು,
ಕೆಮ್ಮಬೇಡ ಅಂದಿದ್ದರು.
ಎಣ್ಣೆಯಲ್ಲಿ ಏನೋ ಕರಿಯುವ ವಾಸನೆ ಗೋಡೆ ದಾಟಿ ಬಂತು,
ನನಗೆ ಎತ್ತಿಡುವುದನ್ನು ಮರೆತರು.
ಇಷ್ಟೇ. ಇಷ್ಟಕ್ಕೆ ಯಾರಾದರೂ ಅಳುತ್ತಾರೆಯೇ?
ನಲವತ್ತೆರಡರಲ್ಲಿ, ಖಾಕಿ ಹಾಕಿಕೊಂಡು, ಅತ್ತೆ.

ನೂರರ ನೋಟು ಕೊಟ್ಟವರಿಗೆ
ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಡುತ್ತೇವಲ್ಲ,
ಇಳಿಯುವ ಗಡಿಬಿಡಿಯಲ್ಲಿ ಕೇಳದೆ ಹೋಗುತ್ತಾರಲ್ಲ,
ಹಾಗೆ ನನ್ನ ಬಾಕಿ ಯಾರ್ಯಾರ ಹತ್ತಿರವೋ ಉಳಿದಿತ್ತು.
ವಸೂಲಿಗೆ ನಿಂತದ್ದು ಮಾತ್ರ ಕಂದಲಿಯ ಹುಡುಗನ ಹತ್ತಿರ.

ಏನು ಸಿಕ್ಕಿತು ಅಂದರೆ, ದೊಡ್ಡದೇನೂ ಇಲ್ಲ.
ರಾತ್ರಿ ಮೂರಕ್ಕೆ ಎದ್ದು ಕೂರುತ್ತಿದ್ದವಳು
ಈಗ ಅಲಾರಂಗೆ ಬೈದುಕೊಂಡೇ ಏಳುತ್ತೇನೆ.
ಮಗಳ ಬಾಗಿಲು ತಟ್ಟಿ ಒಳಗೆ ಹೋಗುತ್ತೇನೆ;
ಮೊದಲ ದಿನ 'ಯಾರು?' ಅಂತ ಹೆದರಿದಳು ಪಾಪ.
'ಏನಿಲ್ಲ ಬಿಡಿ' ಅನ್ನುವ ಜಾಗದಲ್ಲಿ
ಗಂಡನಿಗೆ 'ಇದೆ, ಕೇಳಿ' ಅಂದೆ.
ಟಿ.ವಿ. ಆರಿಸಿದರು. ರಿಮೋಟು ಹಿಡಿದುಕೊಂಡೇ ಪೂರ್ತಿ ಕೇಳಿದರು.
ಅಕ್ಕನಿಗೆ ಫೋನು ಹಚ್ಚಿ, ಆ ದಿನ ಏನು ಕರಿದಿದ್ದರು ಅಂದೆ.
ತಡವರಿಸದೆ ಹೇಳಿದಳು:
'ಕೋಡುಬಳೆ. ನನಗೂ ಕೊಡಲಿಲ್ಲ ಕಣೆ.'

ಸುಳ್ಳು ಯಾಕೆ, ಹೋದ ಶುಕ್ರವಾರವೂ ಹಗರೆಯಲ್ಲಿ
ಕೋಳಿಗೆ ಟಿಕೆಟ್ ತಗೊಳ್ಳಲ್ಲ ಅಂದವನ ಮೇಲೆ ಕೂಗಾಡಿದೆ.
ಕೋಳಿಯನ್ನು ಎಸೆಯಲಿಲ್ಲ.
ಕಂದಲಿಯ ಹುಡುಗ ಮತ್ತೆ ನನ್ನ ಬಸ್ಸು ಹತ್ತಿಲ್ಲ.
ಅದು ಹಾಗೇ ಇದೆ.

'ತಲೆ ಕೆಟ್ಟಿದ್ಯೇನಮ್ಮ, ವಾರ ವಾರ ಅಲ್ಲಿಗೆ?'
ಡ್ರೈವರ್ ದ್ಯಾವಪ್ಪ ಎಲ್ಲರೆದುರು ಕೇಳಿದ್ದ.
'ಬಸ್ಸು ಕೆಟ್ಟು ನಿಂತ ಮೇಲೇನಾ ಡಿಪೋಗೆ ಬಿಡೋದು?
ದಿನಾ ರಾತ್ರಿ ಬಿಡ್ತೀಯಲ್ಲ' ಅಂದೆ.
ನಕ್ಕು, ಎಲೆಅಡಿಕೆ ಉಗಿದು ಹೋಗಿದ್ದ.

ನಿನ್ನೆ ಬೇಲೂರು ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾಗಿತ್ತು.
ಇಂಜಿನ್ ಆರಿಸಿಯೂ ಸ್ಟೇರಿಂಗಿನಿಂದ ಕೈ ತೆಗೆದಿರಲಿಲ್ಲ ಅವನು.
ಗಾಜಿನಾಚೆ ನೋಡುತ್ತಲೇ ಕೇಳಿದ:
'ಎಷ್ಟನೇ ಬಾಗಿಲು ಅಂದೆ ಅದು?'

ಯಾಕೆ ಅನ್ನಲಿಲ್ಲ ನಾನು.
ಮಿಷನ್ನಿನಲ್ಲಿ ಸಿಕ್ಕಿಕೊಂಡಿದ್ದ ಹಾಳು ಟಿಕೆಟ್ಟೊಂದನ್ನು ಹರಿದು
ಹಿಂಬದಿಗೆ ಬರೆದೆ: ೧೪. ಮಂಗಳವಾರ.
ಸುತ್ತ ಒಂದು ಗೆರೆ ಎಳೆದೆ,
ಬಾಕಿ ಬರೆದಾಗ ಎಳೆಯುವ ಹಾಗೆ.